ಅಡಿಕೆ ಸಿಪ್ಪೆಯೊಳಗಿನ ತಾಮ್ರದ ನಕ್ಷೆ: ಸಿಂಕ್ರೋಟ್ರಾನ್ ಕ್ಷ-ಕಿರಣ ಪ್ರತಿದೀಪ್ತಿ ಚಿತ್ರಣಕ್ಕೆ ಉಪಕರಣಗಳನ್ನು ಅಣಿಗೊಳಿಸುವುದು ಹೇಗೆ?

ಪ್ರಶ್ನೆ: ಸಂಶೋಧನಾ ವಿದ್ಯಾರ್ಥಿನಿ, ಪೆರ್ಲ

ಎಲ್ಲರಿಗೂ ನಮಸ್ಕಾರ. ನಮ್ಮ ಕಾಸರಗೋಡು ಸೀಮೆಯ ಅಡಿಕೆ ತೋಟಗಳಲ್ಲಿ ಕೊಳೆರೋಗ ಬಾರದಂತೆ ಮಳೆಗಾಲಕ್ಕೆ ಮುಂಚೆ ಒಮ್ಮೆ, ಮಳೆ ಸ್ವಲ್ಪ ಬಿಡುವು ಕೊಟ್ಟಾಗ ಮತ್ತೊಮ್ಮೆ ಬೋರ್ಡೋ ದ್ರಾವಣ ಬಿಡುವುದು ಬಹುಕಾಲದಿಂದ ನಡೆದುಬಂದ ಕ್ರಮ. ನೂರು ಲೀಟರ್ ನೀರಿಗೆ ಒಂದು ಕಿಲೋ ಮೈಲುತುತ್ತು, ಒಂದು ಕಿಲೋ ಸುಣ್ಣ ಎಂಬುದು ಎಲ್ಲರಿಗೂ ಗೊತ್ತಿರುವ ಲೆಕ್ಕ. ಆ ಒಂದು ಕಿಲೋ ಮೈಲುತುತ್ತಿನಲ್ಲಿ ಸುಮಾರು 250 ಗ್ರಾಂ ತಾಮ್ರವೇ ಇರುತ್ತದೆ. ಹೀಗೆ ವರ್ಷ ವರ್ಷವೂ ತೋಟಕ್ಕೆ ಸೇರುವ ತಾಮ್ರದಲ್ಲಿ ಎಷ್ಟು ಭಾಗ ಸಿಪ್ಪೆಯ ಹೊರಮೈಯಲ್ಲಿಯೇ ಉಳಿಯುತ್ತದೆ, ಎಷ್ಟು ನಾರಿನೊಳಕ್ಕೆ ಇಳಿಯುತ್ತದೆ, ಮಣ್ಣಿಗೆ ಬಿದ್ದದ್ದರಲ್ಲಿ ಬೇರು ಎಷ್ಟನ್ನು ಹೀರಿಕೊಳ್ಳುತ್ತದೆ ಎಂಬುದು ನನ್ನ ಅಧ್ಯಯನದ ವಿಷಯ.

ಸಿಪ್ಪೆಯನ್ನು ಆಮ್ಲದಲ್ಲಿ ಕರಗಿಸಿ ಒಟ್ಟು ತಾಮ್ರವನ್ನು ಅಳೆದಿದ್ದೇನೆ. ಆದರೆ ಕರಗಿಸಿದ ಮೇಲೆ ತಾಮ್ರ ಎಲ್ಲಿತ್ತು ಎಂಬುದು ತಿಳಿಯುವುದಿಲ್ಲ. ಆದ್ದರಿಂದ ಇಂದೋರಿನ ರಾಜಾ ರಾಮಣ್ಣ ಕೇಂದ್ರದಲ್ಲಿರುವ ಇಂಡಸ್-2 ಸಿಂಕ್ರೋಟ್ರಾನಿನ (ತೀವ್ರ ಕ್ಷ-ಕಿರಣ ಹೊಮ್ಮಿಸುವ ಯಂತ್ರ) ಬಿಎಲ್-16 ಬೀಮ್‌ಲೈನಿಗೆ (ಆ ಕಿರಣವನ್ನು ಪ್ರಯೋಗಕ್ಕೆ ತರುವ ಕವಲು) ಅರ್ಜಿ ಹಾಕುವಂತೆ ನನ್ನ ಮಾರ್ಗದರ್ಶಕರು ಸೂಚಿಸಿದ್ದಾರೆ. ಪ್ರಬಂಧಗಳಲ್ಲಿ ಉಪಕರಣಗಳ ವಿವರಣೆ ನಾಲ್ಕೈದು ಸಾಲಿನಲ್ಲಿ ಮುಗಿದುಹೋಗಿರುತ್ತದೆ. ಮಾದರಿಯನ್ನು 45 ಡಿಗ್ರಿಗೆ, ಡಿಟೆಕ್ಟರನ್ನು 90 ಡಿಗ್ರಿಗೆ ಏಕೆ ಇಡುತ್ತಾರೆ, ಕಿರಣದ ಶಕ್ತಿಯನ್ನು ಹೇಗೆ ಆರಿಸುತ್ತಾರೆ, ಯಾವುದನ್ನು ಅಲ್ಲಿಯವರು ಹೊಂದಿಸಿಕೊಡುತ್ತಾರೆ, ಯಾವುದನ್ನು ನಾನೇ ತೀರ್ಮಾನಿಸಬೇಕು ಎಂಬುದನ್ನು ಅನುಭವವಿದ್ದವರು ಬಿಡಿಸಿ ಹೇಳಿದರೆ ಉಪಕಾರವಾದೀತು. ನಾನು ಓದಿದ್ದು ಸಸ್ಯಶಾಸ್ತ್ರ. ಭೌತಶಾಸ್ತ್ರದ ವಿವರಗಳನ್ನು ಸ್ವಲ್ಪ ನಿಧಾನವಾಗಿ ತಿಳಿಸಬೇಕೆಂದು ಕೋರುತ್ತೇನೆ.

ಉತ್ತರ: ಬೀಮ್‌ಲೈನ್ ಬಳಕೆದಾರ, ಮಂಜೇಶ್ವರ

ನಮಸ್ಕಾರ. ನಮ್ಮೂರ ತೋಟದ ಪ್ರಶ್ನೆಯೊಂದು ಸಿಂಕ್ರೋಟ್ರಾನಿನವರೆಗೆ ಹೊರಟಿರುವುದು ನನಗೆ ಬಹಳ ಸಂತೋಷದ ವಿಷಯ. ಕಿರಣ ಹುಟ್ಟುವ ಜಾಗದಿಂದಲೇ ಆರಂಭಿಸುತ್ತೇನೆ, ಏಕೆಂದರೆ ಡಿಟೆಕ್ಟರ್ ಎಲ್ಲಿ ನಿಲ್ಲಬೇಕೆಂಬುದು ಅಲ್ಲಿಯೇ ನಿರ್ಧಾರವಾಗಿರುತ್ತದೆ.

ಇಂಡಸ್-2 ಎಂಬುದು ಸುಮಾರು 172 ಮೀಟರ್ ಸುತ್ತಳತೆಯ ಉಂಗುರ. ಅದರಲ್ಲಿ 2.5 ಗಿಗಾ ಎಲೆಕ್ಟ್ರಾನ್ ವೋಲ್ಟ್ ಶಕ್ತಿಯ ಎಲೆಕ್ಟ್ರಾನುಗಳು ಸುತ್ತುತ್ತಿರುತ್ತವೆ. ಅಯಸ್ಕಾಂತವು ಅವುಗಳ ದಾರಿಯನ್ನು ಬಾಗಿಸಿದಲ್ಲೆಲ್ಲ ಸ್ಪರ್ಶರೇಖೆಯ ದಿಕ್ಕಿನಲ್ಲಿ ಕ್ಷ-ಕಿರಣ ಹೊಮ್ಮುತ್ತದೆ. ಅಂಥ ಒಂದು ಬಾಗಿನಿಂದ ಹೊರಟ ಕಿರಣವೇ ಬಿಎಲ್-16ಕ್ಕೆ ಬರುತ್ತದೆ. ಈ ಕಿರಣವು ಎಲೆಕ್ಟ್ರಾನುಗಳ ಕಕ್ಷೆಯ ಸಮತಲದಲ್ಲಿ, ಎಂದರೆ ನೆಲಕ್ಕೆ ಸಮಾಂತರವಾಗಿ, ಧ್ರುವೀಕರಣಗೊಂಡಿರುತ್ತದೆ, ಅಂದರೆ ಅದರ ಕಂಪನ ಆ ಸಮತಲದಲ್ಲಿಯೇ ಇರುತ್ತದೆ. ಧ್ರುವೀಕರಣಗೊಂಡ ಕಿರಣವು ಮಾದರಿಗೆ ಬಡಿದು ಚದುರುವಾಗ ಧ್ರುವೀಕರಣದ ದಿಕ್ಕಿಗೆ ಅತ್ಯಂತ ಕಡಿಮೆ ಚದುರುತ್ತದೆ. ಕಿರಣ ಬಡಿದಾಗ ಧಾತುಗಳು ಹೊರಸೂಸುವ ತಮ್ಮದೇ ಕ್ಷ-ಕಿರಣಕ್ಕೆ, ಎಂದರೆ ಪ್ರತಿದೀಪ್ತಿಗೆ, ಈ ಕಟ್ಟುಪಾಡಿಲ್ಲ, ಅದು ಎಲ್ಲ ದಿಕ್ಕಿಗೂ ಸಮನಾಗಿ ಹೊರಡುತ್ತದೆ. ಆದ್ದರಿಂದ ಬರುವ ಕಿರಣಕ್ಕೆ 90 ಡಿಗ್ರಿಯಲ್ಲಿ, ಅದೇ ಸಮತಲದಲ್ಲಿ, ಬದಿಯಿಂದ ನೋಡುವಂತೆ ಡಿಟೆಕ್ಟರನ್ನು ಇರಿಸಿದರೆ ಬೇಡದ ಚದುರಿಕೆ ಕನಿಷ್ಠಕ್ಕೆ ಇಳಿದು, ಬೇಕಾದ ಪ್ರತಿದೀಪ್ತಿ ಹಾಗೆಯೇ ಉಳಿಯುತ್ತದೆ. ಮಾದರಿಯ ಮುಖವು ಕಿರಣಕ್ಕೂ ಡಿಟೆಕ್ಟರಿಗೂ ಕಾಣುವಂತಿರಬೇಕಲ್ಲ, ಅದಕ್ಕಾಗಿ ಮಾದರಿ 45 ಡಿಗ್ರಿಗೆ ತಿರುಗಿ ನಿಲ್ಲುತ್ತದೆ. ಬೇರೆ ವಿನ್ಯಾಸಗಳೂ ಇವೆ. ಮೆಲ್ಬರ್ನಿನ ಆಸ್ಟ್ರೇಲಿಯನ್ ಸಿಂಕ್ರೋಟ್ರಾನಿನಲ್ಲಿರುವ 384 ಘಟಕಗಳ ಮಾಯಾ ಡಿಟೆಕ್ಟರಿನ ನಡುವೆ ಒಂದು ರಂಧ್ರವಿದೆ. ಕಿರಣ ಅದರ ಮೂಲಕ ಹಾದು ನೇರವಾಗಿ ನಿಂತ ಮಾದರಿಗೆ ತಾಗುತ್ತದೆ, ಡಿಟೆಕ್ಟರ್ ಹಿಮ್ಮುಖವಾಗಿ ಬರುವ ಪ್ರತಿದೀಪ್ತಿಯನ್ನು ಹಿಡಿಯುತ್ತದೆ. ಅಲ್ಲಿ ಚದುರಿಕೆ ಹೆಚ್ಚು, ಆದರೆ ಹಿಡಿಯುವ ಕೋನ ಬಹಳ ದೊಡ್ಡದಾಗಿರುವುದರಿಂದ ಚಿತ್ರಣ ವೇಗವಾಗಿ ಸಾಗುತ್ತದೆ.

ಉಂಗುರದಿಂದ ಬರುವ ಕಿರಣದಲ್ಲಿ ಎಲ್ಲ ಶಕ್ತಿಗಳೂ ಬೆರೆತಿರುತ್ತವೆ. ಅದರಿಂದ ಒಂದೇ ಶಕ್ತಿಯನ್ನು ಆರಿಸಿಕೊಡುವುದು ಎರಡು ಸಿಲಿಕಾನ್ ಹರಳುಗಳ ಮೊನೊಕ್ರೊಮೇಟರ್. ಹರಳಿನ ಕೋನ ಬದಲಾದಂತೆ ಶಕ್ತಿ ಬದಲಾಗುತ್ತದೆ. ಸಿಲಿಕಾನ್ 111 ಹರಳಿನಲ್ಲಿ 10.5 ಕಿಲೋ ಎಲೆಕ್ಟ್ರಾನ್ ವೋಲ್ಟ್ ಬೇಕಾದರೆ ಕೋನ ಸುಮಾರು 10.85 ಡಿಗ್ರಿ. ಈ ಬೀಮ್‌ಲೈನಿನಲ್ಲಿ 4ರಿಂದ 20 ಕಿಲೋ ಎಲೆಕ್ಟ್ರಾನ್ ವೋಲ್ಟ್‌ವರೆಗೆ ಆಯ್ಕೆ ಇದೆ. ಮುಂದೆ ಸ್ಲಿಟ್‌ಗಳು ಕಿರಣದ ಅಂಚನ್ನು ಕತ್ತರಿಸುತ್ತವೆ. ಕರ್ಕ್‌ಪ್ಯಾಟ್ರಿಕ್ ಮತ್ತು ಬೇಯೆಜ್ 1948ರಲ್ಲಿ ವಿವರಿಸಿದ ಕ್ರಮದ ಎರಡು ಕನ್ನಡಿಗಳ ಪೈಕಿ ಒಂದು ಕಿರಣವನ್ನು ಲಂಬವಾಗಿ, ಇನ್ನೊಂದು ಅಡ್ಡಲಾಗಿ ಕೂಡಿಸಿ ಕೆಲವೇ ಮೈಕ್ರೋಮೀಟರ್ ಅಗಲದ ಬಿಂದುವಾಗಿಸುತ್ತವೆ. ಇಷ್ಟರವರೆಗಿನ ಹೊಂದಾಣಿಕೆಯನ್ನು ಅಲ್ಲಿಯ ವಿಜ್ಞಾನಿಗಳೇ ಮಾಡಿಕೊಡುತ್ತಾರೆ, ನೀವು ಅದಕ್ಕೆ ಕೈ ಹಾಕಬೇಕಾಗಿಲ್ಲ. ಆದರೆ ಯಾವ ಶಕ್ತಿ ಬೇಕೆಂದು ಹೇಳಬೇಕಾದವರು ನೀವು.

ತಾಮ್ರದ ಕೆ ಅಂಚು, ಎಂದರೆ ಅದರ ಅತಿ ಒಳಗಿನ ಎಲೆಕ್ಟ್ರಾನನ್ನು ಹೊರದಬ್ಬಲು ಬೇಕಾದ ಕನಿಷ್ಠ ಶಕ್ತಿ, 8.979, ಸತುವಿನದು 9.659 ಕಿಲೋ ಎಲೆಕ್ಟ್ರಾನ್ ವೋಲ್ಟ್. ಒಳಬರುವ ಕಿರಣದ ಶಕ್ತಿ ಇವಕ್ಕಿಂತ ಮೇಲಿರಬೇಕು, ಆದರೆ ಬಹಳ ಮೇಲಿದ್ದರೆ ತಾಮ್ರವನ್ನು ಉದ್ರೇಕಿಸುವ ಸಾಮರ್ಥ್ಯ ಕುಗ್ಗುತ್ತದೆ. 10.5 ಎಂದು ಇಟ್ಟುಕೊಂಡರೆ ಕಾಂಪ್ಟನ್ ಚದುರಿಕೆಯ (ಸ್ವಲ್ಪ ಶಕ್ತಿ ಕಳೆದುಕೊಂಡು ಚದುರಿದ ಕಿರಣದ) ಶಿಖರ 10.29ರಲ್ಲಿ ಬರುತ್ತದೆ. ತಾಮ್ರದ ಆಲ್ಫಾ ಗೆರೆ (ಅದರ ಪ್ರತಿದೀಪ್ತಿಯ ಮುಖ್ಯ ಶಕ್ತಿ) 8.05ರಲ್ಲಿ, ಸತುವಿನದು 8.64ರಲ್ಲಿ, ಎರಡೂ ಚದುರಿಕೆಯಿಂದ ಸಾಕಷ್ಟು ದೂರ. ಕಬ್ಬಿಣ, ಮ್ಯಾಂಗನೀಸ್, ಕ್ಯಾಲ್ಸಿಯಂ, ಪೊಟಾಸಿಯಂ ತಾವಾಗಿಯೇ ಕಾಣುತ್ತವೆ. ಆರ್ಸೆನಿಕ್ಕಿನ ಅಂಚು 11.867, ಸೀಸದ್ದು 13.035 ಆಗಿರುವುದರಿಂದ ಅವು ಏಳುವುದೇ ಇಲ್ಲ, ವರ್ಣಪಟಲ ಸರಳವಾಗಿರುತ್ತದೆ. ನಿಮ್ಮ ಪ್ರಶ್ನೆ ತಾಮ್ರದ್ದಾದ ಕಾರಣ ನಾನಾಗಿದ್ದರೆ ಇದನ್ನೇ ಆರಿಸುತ್ತಿದ್ದೆ. ಎಲ್ಲ ಧಾತುಗಳೂ ಒಂದೇ ಸಲಕ್ಕೆ ಕಾಣಲಿ ಎಂದು ಶಕ್ತಿಯನ್ನು ಏರಿಸುವುದು ಸುಲಭವಾಗಿ ಹುಟ್ಟುವ ಆಸೆ. ಆದರೆ ಸೀಸದ ಎಲ್-ಆಲ್ಫಾ 10.55, ಆರ್ಸೆನಿಕ್ಕಿನ ಕೆ-ಆಲ್ಫಾ 10.54, ಎರಡೂ ಒಂದರ ಮೇಲೊಂದು ಕೂರುತ್ತವೆ ಎಂಬುದನ್ನು ನೆನಪಿಡಿ.

ಇನ್ನು ಹಚ್ ಎಂದು ಕರೆಯುವ ಸೀಸದ ಗೋಡೆಯ ಕೋಣೆಯ ಒಳಗಿನ ವಿಚಾರ. ಮಾದರಿಗೆ ಸ್ವಲ್ಪ ಮುಂಚೆ ಅಯಾನ್ ಚೇಂಬರ್ ಇರುತ್ತದೆ; ಆ ಕ್ಷಣ ಎಷ್ಟು ಕಿರಣ ಬರುತ್ತಿದೆ ಎಂಬುದನ್ನು ಅದು ದಾಖಲಿಸುತ್ತದೆ. ಹೊಸದಾಗಿ ತುಂಬುವವರೆಗೆ ಉಂಗುರದಲ್ಲಿನ ಪ್ರವಾಹ ಇಳಿಯುತ್ತಲೇ ಹೋಗುವುದರಿಂದ, ಪ್ರತಿ ಬಿಂದುವಿನ ಎಣಿಕೆಯನ್ನೂ ಈ ದಾಖಲೆಯಿಂದ ಭಾಗಿಸದಿದ್ದರೆ ಚಿತ್ರದ ಮೊದಲ ಸಾಲು ಗಾಢವಾಗಿ, ಕೊನೆಯ ಸಾಲು ಮಸುಕಾಗಿ ಕಂಡು ಇಲ್ಲದ ಇಳಿಜಾರೊಂದು ನಕ್ಷೆಯಲ್ಲಿ ಮೂಡುತ್ತದೆ. ಮಾದರಿ ನಿಲ್ಲುವ ವೇದಿಕೆಯನ್ನು ಮೂರು ದಿಕ್ಕಿಗೆ ಮೋಟಾರುಗಳು ಸರಿಸುತ್ತವೆ. ಕಿರಣ ಎಲ್ಲಿ ಬೀಳುತ್ತದೆ ಎಂದು ತಿಳಿಯಲು ಮೊದಲು ಮಾದರಿಯ ಜಾಗದಲ್ಲಿ ಕ್ಷ-ಕಿರಣಕ್ಕೆ ಹೊಳೆಯುವ ತೆಳು ಹರಳೊಂದನ್ನು ಇಟ್ಟು, ಸೂಕ್ಷ್ಮದರ್ಶಕದ ಕ್ಯಾಮೆರಾದಲ್ಲಿ ಆ ಹೊಳಪಿನ ಮೇಲೆ ಗುರುತು ಹಾಕಿಕೊಳ್ಳುತ್ತಾರೆ. ಆಮೇಲೆ ಲೋಹದ ಸಣ್ಣ ತಂತಿಯನ್ನೋ ನೇರ ಅಂಚನ್ನೋ ಕಿರಣಕ್ಕೆ ಅಡ್ಡವಾಗಿ ಹೆಜ್ಜೆ ಹೆಜ್ಜೆಯಾಗಿ ಸರಿಸಿ ಕಿರಣದ ಅಗಲವನ್ನು ಅಳೆಯುತ್ತಾರೆ. ತಾಮ್ರದ ಹಾಳೆಯೊಂದನ್ನು ಇಟ್ಟು ತಾಮ್ರದ ಕೆ ಅಂಚು ಎಲ್ಲಿ ಬರುತ್ತದೆಂದು ನೋಡಿ ಮೊನೊಕ್ರೊಮೇಟರ್ ತೋರಿಸುವ ಶಕ್ತಿ ಸರಿಯೇ ಎಂದು ಪರೀಕ್ಷಿಸುವುದೂ ಆಗಲೇ. ಇವೆಲ್ಲ ಮುಗಿದ ಮೇಲೆ ಡಿಟೆಕ್ಟರಿನ ದೂರವನ್ನಾಗಲಿ ಮಾದರಿಯ ಕೋನವನ್ನಾಗಲಿ ಬದಲಿಸಬಾರದು. ಬದಲಿಸಿದರೆ ಮಾನಕದ (ಧಾತುವಿನ ಪ್ರಮಾಣ ಗೊತ್ತಿರುವ ಮಾದರಿಯ) ಅಳತೆಯನ್ನು ಮೊದಲಿನಿಂದ ಮಾಡಬೇಕಾಗುತ್ತದೆ.

ಸಿಲಿಕಾನ್ ಡ್ರಿಫ್ಟ್ ಡಿಟೆಕ್ಟರ್ 5.9 ಕಿಲೋ ಎಲೆಕ್ಟ್ರಾನ್ ವೋಲ್ಟ್‌ನಲ್ಲಿ ಸುಮಾರು 140 ಎಲೆಕ್ಟ್ರಾನ್ ವೋಲ್ಟ್ ಅಂತರವನ್ನು ಬೇರ್ಪಡಿಸುತ್ತದೆ. ಹತ್ತಿರ ತಂದಷ್ಟೂ ಎಣಿಕೆ ಹೆಚ್ಚು, ಆದರೆ ಎಣಿಕೆ ಮಿತಿಮೀರಿದರೆ ಅದು ಕಿರಣದ ಒಂದು ಕಣವನ್ನು ಲೆಕ್ಕ ಮಾಡುವಷ್ಟರಲ್ಲಿ ಮತ್ತೊಂದು ಬಂದು ಕಳೆದುಹೋಗುತ್ತದೆ, ಇಲ್ಲವೇ ಎರಡೂ ಕೂಡಿ ಒಂದಾಗಿ ದಾಖಲಾಗುತ್ತವೆ. ಸಸ್ಯದ ಮಾದರಿಗಳಲ್ಲಿ ಇದು ಬರಿಯ ತಾಂತ್ರಿಕ ವಿವರವಲ್ಲ. ಕ್ಯಾಲ್ಸಿಯಂನ 3.69 ಎರಡು ಸೇರಿದರೆ 7.38, ನಿಕ್ಕಲ್ಲಿನ ಗೆರೆ 7.48. ಸುಣ್ಣ ಬಿದ್ದ ಸಿಪ್ಪೆಯಲ್ಲಿ ನಿಕ್ಕಲ್ ಇದೆ ಎಂದು ಬರೆಯುವ ಮುನ್ನ ಇದನ್ನು ಪರೀಕ್ಷಿಸಲೇಬೇಕು. ತಾಮ್ರ ಬಹಳ ಇರುವ ಕಡೆ ಇನ್ನೂ ಒಂದು ತೊಡಕಿದೆ: 8.05ರಲ್ಲಿ ಡಿಟೆಕ್ಟರಿನದೇ ಸಿಲಿಕಾನಿನ ಪ್ರತಿದೀಪ್ತಿಯಾಗಿ 1.74 ತಪ್ಪಿಸಿಕೊಂಡು ಹೋದರೆ ಉಳಿಯುವುದು 6.31, ಅದು ಕಬ್ಬಿಣದ 6.40ಕ್ಕೆ ಅಂಟಿಕೊಂಡೇ ಇರುತ್ತದೆ. ಇವನ್ನೆಲ್ಲ ಬೇರ್ಪಡಿಸಲು ಫ್ರಾನ್ಸಿನ ಇಎಸ್‌ಆರ್‌ಎಫ್ ಸಿಂಕ್ರೋಟ್ರಾನ್ ಕೇಂದ್ರದಲ್ಲಿ ಬೆಳೆದ ಪೈಎಂಸಿಎ ತಂತ್ರಾಂಶವಿದೆ. ಅದು ಉಚಿತವಾಗಿ ಸಿಗುತ್ತದೆ. ಹೋಗುವ ಮುಂಚೆಯೇ ಬಳಸಿ ಅಭ್ಯಾಸ ಮಾಡಿಕೊಳ್ಳಿ.

ನಿಮಗೆ ತಾಮ್ರವೇ ಮುಖ್ಯವಾದ್ದರಿಂದ ಒಂದು ಎಚ್ಚರಿಕೆ. ಒಂದು ಕಡೆ ಹೊಸಬರೊಬ್ಬರ ನಕ್ಷೆಯಲ್ಲಿ ಎಲೆಯ ಹೊರಗಿನ ಖಾಲಿ ಜಾಗದಲ್ಲಿಯೂ ತಾಮ್ರ ಮತ್ತು ಸತು ಒಂದೇ ಸಮನೆ ಕಾಣುತ್ತಿದ್ದವು. ಎಲೆಯನ್ನು ತೆಗೆದು ಬರಿಯ ಕ್ಯಾಪ್ಟನ್ (ಮಾದರಿಯನ್ನು ಹಿಡಿದಿಡುವ ತೆಳು ಪ್ಲಾಸ್ಟಿಕ್) ಹಾಳೆಯನ್ನಷ್ಟೇ ಅಳೆದಾಗಲೂ ಅವು ಹೋಗಲಿಲ್ಲ. ಚೌಕಟ್ಟನ್ನು ಬಿಗಿದಿದ್ದ ಸಣ್ಣ ಸ್ಕ್ರೂ ಹಿತ್ತಾಳೆಯದಾಗಿತ್ತು. ಚದುರಿದ ಕಿರಣ ಅದಕ್ಕೆ ತಾಗಿ, ಅದರ ತಾಮ್ರ ಡಿಟೆಕ್ಟರಿಗೆ ಕಾಣುತ್ತಿತ್ತು. ಪ್ಲಾಸ್ಟಿಕ್ಕಿನ ಚೌಕಟ್ಟು ಹಾಕಿ, ಡಿಟೆಕ್ಟರಿನ ಮುಂದೆ ಮಾದರಿಯನ್ನಷ್ಟೇ ಕಾಣುವಂತೆ ಕಿರಿದಾದ ಕೊಳವೆ ಇಟ್ಟ ಮೇಲೆ ಹಿನ್ನೆಲೆ ಇಳಿಯಿತು. ಖಾಲಿ ಹಾಳೆಯ ಅಳತೆಯನ್ನು ನಿಮ್ಮ ಕೆಲಸದ ಮೊದಲ ಅಳತೆಯಾಗಿ ಮಾಡಿ.

ಉತ್ತರ: ಸಸ್ಯ ಅಂಗರಚನೆಯ ಅಧ್ಯಾಪಿಕೆ, ಮುಳ್ಳೇರಿಯ

ಮೇಲಿನ ಉತ್ತರದಲ್ಲಿ ಉಪಕರಣದ ವಿಷಯ ಚೆನ್ನಾಗಿ ಬಂದಿದೆ. ನಾನು ಮಾದರಿಯ ಬಗ್ಗೆ ಮಾತ್ರ ಬರೆಯುತ್ತೇನೆ, ಏಕೆಂದರೆ ಉಪಕರಣವನ್ನು ಎಷ್ಟೇ ಚೆನ್ನಾಗಿ ಹೊಂದಿಸಿದರೂ ತಪ್ಪಾಗಿ ಕೊಯ್ದ ತುಂಡಿನಿಂದ ಸರಿಯಾದ ನಕ್ಷೆ ಬರುವುದಿಲ್ಲ.

ಬೋರ್ಡೋ ಬಿದ್ದ ಅಡಿಕೆಯ ಹೊರಮೈಯನ್ನು ಹತ್ತು ಪಟ್ಟು ದೊಡ್ಡದಾಗಿ ಕಾಣಿಸುವ ಮಸೂರದಲ್ಲಿ ನೋಡಿದರೆ ತಿಳಿನೀಲಿ ಬಣ್ಣದ ಸಣ್ಣ ಹೊಪ್ಪಳೆಗಳು ತೊಟ್ಟಿನ ಸುತ್ತಲೂ, ದ್ರಾವಣ ಇಳಿದು ನಿಂತ ಕೆಳತುದಿಯಲ್ಲೂ ಗುಂಪಾಗಿರುವುದು ಕಾಣುತ್ತದೆ. ಅಲಗನ್ನು ಹೊರಗಿನಿಂದ ಒಳಕ್ಕೆ ಎಳೆದರೆ ಈ ಹೊಪ್ಪಳೆಯ ಪುಡಿಯೇ ನಾರಿನೊಳಕ್ಕೆ ಹೋಗಿ ಕೂರುತ್ತದೆ. ಆಮೇಲೆ ತಾಮ್ರ ಒಳಗಿಳಿದಿದೆ ಎಂದು ನಕ್ಷೆ ಹೇಳುತ್ತದೆ, ಆದರೆ ಅದನ್ನು ಇಳಿಸಿದ್ದು ನಮ್ಮ ಅಲಗು. ಆದ್ದರಿಂದ ಯಾವಾಗಲೂ ಒಳಗಿನಿಂದ ಹೊರಕ್ಕೆ ಕೊಯ್ಯಬೇಕು. ಉಕ್ಕಿನ ಅಲಗು ಕಬ್ಬಿಣ, ಕ್ರೋಮಿಯಂಗಳ ಗುರುತು ಬಿಡುವ ಸಾಧ್ಯತೆ ಇರುವುದರಿಂದ ಸೆರಾಮಿಕ್ ಅಲಗು ಒಳ್ಳೆಯದು. ಒಂದೇ ಗೊನೆಯ ಅಡಿಕೆಗಳಲ್ಲಿ ಕೆಲವನ್ನು ಅಯಾನುರಹಿತ ನೀರಿನಲ್ಲಿ ತೊಳೆದು, ಕೆಲವನ್ನು ತೊಳೆಯದೆ ಇಟ್ಟು ಎರಡನ್ನೂ ಅಳೆಯಿರಿ. ಬೋರ್ಡೋ ಬಿಡದ ತೋಟದ ಅಡಿಕೆಯೂ ಜೊತೆಗಿರಲೇಬೇಕು.

ರಾಸಾಯನಿಕಗಳಲ್ಲಿ ನೆನೆಸಿ ಗಟ್ಟಿಗೊಳಿಸುವ ನಮ್ಮ ಎಂದಿನ ಅಂಗಾಂಶ ಕ್ರಮ ಇಲ್ಲಿಗೆ ಹೊಂದುವುದಿಲ್ಲ, ಪೊಟಾಸಿಯಂ ಮೊದಲಾದವು ದ್ರವಕ್ಕೆ ಸೋರಿಹೋಗುತ್ತವೆ. ತಟ್ಟನೆ ಹೆಪ್ಪುಗಟ್ಟಿಸಿ, ಹೆಪ್ಪುಗಟ್ಟಿದ ಸ್ಥಿತಿಯಲ್ಲಿಯೇ ಕೊಯ್ದು, ಹಾಗೆಯೇ ನಿರ್ವಾತದಲ್ಲಿ ಒಣಗಿಸುವುದು ಸರಿಯಾದ ದಾರಿ. ದಪ್ಪದ ವಿಷಯದಲ್ಲಿ ರಾಜಿ ಬೇಡ. ಮಾದರಿ 45 ಡಿಗ್ರಿಗೆ ನಿಲ್ಲುವುದರಿಂದ ಕಿರಣ ಅದರೊಳಗೆ ಓರೆಯಾಗಿ ಸಾಗುತ್ತದೆ. 100 ಮೈಕ್ರೋಮೀಟರ್ ದಪ್ಪದ ತುಂಡಿನಲ್ಲಿ ಆ ಓರೆದಾರಿ 140 ಮೈಕ್ರೋಮೀಟರಿನಷ್ಟಾಗುತ್ತದೆ, ಅದರ ಉದ್ದಕ್ಕೂ ಇರುವ ತಾಮ್ರವೆಲ್ಲ ಒಂದೇ ಬಿಂದುವಾಗಿ ದಾಖಲಾಗುತ್ತದೆ. ಕಿರಣ ಎಷ್ಟೇ ಸಣ್ಣದಾಗಿದ್ದರೂ ಚಿತ್ರ ಮಬ್ಬಾಗುವುದು ಇದರಿಂದಲೇ. 20ರಿಂದ 30 ಮೈಕ್ರೋಮೀಟರ್ ಇದ್ದರೆ ನೆಮ್ಮದಿ. ದಪ್ಪ ತುಂಡಿನಲ್ಲಿ ಇನ್ನೊಂದು ದೋಷವಿದೆ: ಕ್ಯಾಲ್ಸಿಯಂನ ಗೆರೆ ಮೇಲ್ಪದರದಿಂದ ಮಾತ್ರ ಹೊರಬರುತ್ತದೆ, ತಾಮ್ರದ್ದು ಬಹಳ ಆಳದಿಂದಲೂ ಬರುತ್ತದೆ. ಆಗ ಒಂದೇ ತುಂಡಿನ ಎರಡು ನಕ್ಷೆಗಳು ಎರಡು ಬೇರೆ ಆಳಗಳ ನಕ್ಷೆಗಳಾಗಿರುತ್ತವೆ, ಅವನ್ನು ಒಂದರ ಮೇಲೊಂದಿಟ್ಟು ಹೋಲಿಸುವುದು ನ್ಯಾಯವಲ್ಲ.

ನಮ್ಮ ಊರಿನ ಹವೆಯನ್ನೂ ಲೆಕ್ಕಕ್ಕೆ ತೆಗೆದುಕೊಳ್ಳಿ. ಒಣಗಿಸಿದ ತೆಳು ತುಂಡು ತೆರೆದ ಗಾಳಿಗೆ ಸಿಕ್ಕಿದರೆ ಮಳೆಗಾಲದ ಆಟಿ ತಿಂಗಳ ಹಪ್ಪಳದ ಹಾಗೆ ಮೆತ್ತಗಾಗಿ ಮುದುಡುತ್ತದೆ. ಮುದುಡಿದ್ದು ಮತ್ತೆ ಸಪಾಟಾಗದು, ಸಪಾಟಿಲ್ಲದಿದ್ದರೆ ಕಿರಣದ ನಾಭಿ ತಪ್ಪುತ್ತದೆ. ಒಣಗಿಸಿದ ಕೂಡಲೇ ಕ್ಯಾಪ್ಟನ್ ಹಾಳೆಗಳ ನಡುವೆ ಕೂರಿಸಿ, ಸಿಲಿಕಾ ಜೆಲ್ ಇರುವ ಬಿಗಿ ಡಬ್ಬದಲ್ಲಿ ಮುಚ್ಚಿ, ಇಂದೋರಿನಲ್ಲಿ ಅಳೆಯುವ ಹೊತ್ತಿನವರೆಗೂ ತೆರೆಯಬೇಡಿ.

ಉತ್ತರ: ಭೌತಶಾಸ್ತ್ರ ಅಧ್ಯಾಪಕ, ಕುಂಬಳೆ

ಒಂದು ಸಣ್ಣ ಸೇರ್ಪಡೆ. ಗಂಧಕ, ರಂಜಕಗಳನ್ನೂ ನೋಡುವ ಯೋಚನೆ ಇದ್ದರೆ ಗಾಳಿಯಲ್ಲಿ ಅಳೆಯುವುದು ಪ್ರಯೋಜನವಿಲ್ಲ. ರಂಜಕದ 2.01 ಕಿಲೋ ಎಲೆಕ್ಟ್ರಾನ್ ವೋಲ್ಟ್‌ನ ಗೆರೆ ಸುಮಾರು ಒಂದು ಸೆಂಟಿಮೀಟರ್ ಗಾಳಿಯಲ್ಲಿಯೇ ಅರ್ಧದಷ್ಟು ಹೀರಿಹೋಗುತ್ತದೆ. ಅದರ ಜೊತೆಗೆ ಗಾಳಿಯಲ್ಲಿರುವ ಆರ್ಗಾನ್ ತನ್ನದೇ 2.96ರ ಗೆರೆಯನ್ನು ಸೇರಿಸುತ್ತದೆ, ಪೊಟಾಸಿಯಂನ 3.31ರ ಪಕ್ಕದಲ್ಲಿಯೇ. ಮಾದರಿಯಿಂದ ಡಿಟೆಕ್ಟರಿನವರೆಗಿನ ದಾರಿಯಲ್ಲಿ ಹೀಲಿಯಂ ಹರಿಸಲು ಸಾಧ್ಯವೇ ಎಂದು ಮುಂಚಿತವಾಗಿ ಕೇಳಿಕೊಳ್ಳಿ. ತಾಮ್ರ ಮಾತ್ರ ಸಾಕೆಂದಾದರೆ ಇದರ ಚಿಂತೆ ಬೇಡ.

ಸಮಯದ ಲೆಕ್ಕವನ್ನೂ ಅರ್ಜಿಯಲ್ಲಿಯೇ ಬರೆಯಿರಿ. ಎರಡು ಮಿಲಿಮೀಟರ್ ಚೌಕವನ್ನು 20 ಮೈಕ್ರೋಮೀಟರ್ ಹೆಜ್ಜೆಯಲ್ಲಿ ಅಳೆದರೆ 10,000 ಬಿಂದುಗಳು. ಬಿಂದುವಿಗೆ ಒಂದು ಸೆಕೆಂಡ್ ಎಂದರೆ 2 ಗಂಟೆ 47 ನಿಮಿಷ, ಮೋಟಾರು ನಿಂತು ಹೊರಡುವ ಹೊತ್ತು ಬೇರೆ. ಹೆಜ್ಜೆಯನ್ನು 10ಕ್ಕೆ ಇಳಿಸಿದರೆ ಬಿಂದುಗಳು 40,000 ಆಗಿ 11 ಗಂಟೆ ದಾಟುತ್ತದೆ. ಆದ್ದರಿಂದ ಮೊದಲು ದೊಡ್ಡ ಹೆಜ್ಜೆಯಲ್ಲಿ ಇಡೀ ತುಂಡನ್ನು ಬೇಗ ನೋಡಿ, ತಾಮ್ರ ಕಂಡ ಕಡೆ ಮಾತ್ರ ಸಣ್ಣ ಹೆಜ್ಜೆ ಇಡುವುದು ಜಾಣತನ. ಕಿರಣದ ಅಗಲಕ್ಕಿಂತ ಹೆಜ್ಜೆ ಬಹಳ ಕಡಿಮೆಯಾದರೆ ಹೊಸ ವಿವರವೇನೂ ಸಿಗದು; 45 ಡಿಗ್ರಿಯಲ್ಲಿ 10 ಮೈಕ್ರೋಮೀಟರ್ ಕಿರಣ ಮಾದರಿಯ ಮೇಲೆ ಅಡ್ಡಲಾಗಿ 14 ಮೈಕ್ರೋಮೀಟರ್ ಹರಡಿಕೊಂಡಿರುತ್ತದೆ ಎಂಬುದೂ ನೆನಪಿರಲಿ.

ಮರುಪ್ರಶ್ನೆ: ಸಂಶೋಧನಾ ವಿದ್ಯಾರ್ಥಿನಿ, ಪೆರ್ಲ

ಅಣ್ಣನಿಗೂ ಅಕ್ಕನಿಗೂ ಕುಂಬಳೆಯ ಮಾಸ್ತರರಿಗೂ ಹೃತ್ಪೂರ್ವಕ ಕೃತಜ್ಞತೆಗಳು. ಒಳಗಿನಿಂದ ಹೊರಕ್ಕೆ ಕೊಯ್ಯಬೇಕೆಂಬ ಮಾತನ್ನು ನಾನು ಎಲ್ಲಿಯೂ ಓದಿರಲಿಲ್ಲ. ಎರಡು ಸಂದೇಹಗಳು ಉಳಿದಿವೆ. ನಮ್ಮ ಮುರಕಲ್ಲಿನ ಮಣ್ಣಿನಲ್ಲಿ ಕಬ್ಬಿಣ ಹೇರಳ; ಎಷ್ಟು ತೊಳೆದರೂ ಬೇರಿನ ಮೇಲೆ ಕೆಂಪು ಲೇಪ ಉಳಿಯುತ್ತದೆ. ಆ ಕಬ್ಬಿಣದಿಂದ ತಾಮ್ರ ಮರೆಯಾಗುವುದೇ? ಇನ್ನೊಂದು, ಬಣ್ಣದ ನಕ್ಷೆಯಿಂದ ಕಿಲೋಗೆ ಇಷ್ಟು ಮಿಲಿಗ್ರಾಂ ಎಂಬ ಅಂಕೆಗೆ ಬರುವುದು ಹೇಗೆ?

ಉತ್ತರ: ಬೀಮ್‌ಲೈನ್ ಬಳಕೆದಾರ, ಮಂಜೇಶ್ವರ

ಕಬ್ಬಿಣದ ಬಗ್ಗೆ ನಿಮ್ಮ ಸಂದೇಹ ಸರಿಯಾದದ್ದು. ತಾಮ್ರವನ್ನು ಏಳಿಸುವ ಕಿರಣ ಕಬ್ಬಿಣವನ್ನೂ ಏಳಿಸಿಯೇ ತೀರುತ್ತದೆ, ಏಕೆಂದರೆ ಕಬ್ಬಿಣದ ಅಂಚು 7.112ರಲ್ಲಿಯೇ ಇದೆ, ಶಕ್ತಿಯನ್ನು ಆರಿಸಿ ಅದನ್ನು ತಪ್ಪಿಸಲಾಗದು. ಬೇರಿನ ಮಾದರಿಗೆ ಡಿಟೆಕ್ಟರಿನ ಮುಂದೆ ತೆಳುವಾದ ಅಲ್ಯೂಮಿನಿಯಂ ಹಾಳೆ ಇಡುವುದು ಒಂದು ಉಪಾಯ. 50 ಮೈಕ್ರೋಮೀಟರ್ ದಪ್ಪದ ಹಾಳೆಯಲ್ಲಿ ತಾಮ್ರದ ಗೆರೆ ಸುಮಾರು ಅರ್ಧ ದಾಟಿಬರುತ್ತದೆ, ಕಬ್ಬಿಣದ್ದು ಕಾಲು ಭಾಗದಷ್ಟು ಮಾತ್ರ, ಕ್ಯಾಲ್ಸಿಯಂ ಬಹುತೇಕ ನಿಂತೇಹೋಗುತ್ತದೆ. ಹೀಗೆ ಡಿಟೆಕ್ಟರಿನ ಹೊರೆ ಇಳಿದಾಗ ಕಿರಣವನ್ನು ಹೆಚ್ಚಿಸಿ ತಾಮ್ರದ ಎಣಿಕೆಯನ್ನು ಮೇಲೆತ್ತಬಹುದು. ಅಲ್ಯೂಮಿನಿಯಂ ಶುದ್ಧವಾಗಿರಬೇಕು, ಮಿಶ್ರಲೋಹದ ಹಾಳೆಯಲ್ಲಿ ತಾಮ್ರವೇ ಸೇರಿರಬಹುದು. ಕ್ಯಾಲ್ಸಿಯಂನ ನಕ್ಷೆಯೂ ಬೇಕಿದ್ದರೆ ಹಾಳೆ ಇಲ್ಲದೆ ಇನ್ನೊಮ್ಮೆ ಅಳೆಯಬೇಕು. ಒಂದೇ ಜಾಗವನ್ನು ಮತ್ತೆ ಮತ್ತೆ ಕಿರಣಕ್ಕೆ ಒಡ್ಡಿದರೆ ಅಂಗಾಂಶ ಸುಟ್ಟು ಕುಗ್ಗುವುದರಿಂದ ಮುಖ್ಯವಾದ ಅಳತೆಯನ್ನು ಮೊದಲು ಮಾಡಿ.

ಅಂಕೆಗೆ ಬರಲು ಗೊತ್ತಿರುವ ಪ್ರಮಾಣದ ಮಾನಕ ಬೇಕು. ಅಮೆರಿಕದ ಎನ್‌ಐಎಸ್‌ಟಿ ಎಂಬ ಮಾನಕಗಳ ಸಂಸ್ಥೆ ಸೇಬಿನ ಎಲೆ, ಟೊಮೆಟೊ ಎಲೆಗಳ ಪುಡಿಯನ್ನು ಧಾತುಗಳ ಪ್ರಮಾಣ ದೃಢಪಡಿಸಿ ಕೊಡುತ್ತದೆ. ಅದನ್ನು ಒತ್ತಿ ತೆಳು ಬಿಲ್ಲೆ ಮಾಡಿ, ನಿಮ್ಮ ಮಾದರಿ ನಿಲ್ಲುವ ಅದೇ ಜಾಗದಲ್ಲಿ, ಅದೇ ಕೋನದಲ್ಲಿ, ಅದೇ ಡಿಟೆಕ್ಟರ್ ದೂರದಲ್ಲಿ ಅಳೆಯಬೇಕು. ಅಲ್ಯೂಮಿನಿಯಂ ಹಾಳೆ ಹಾಕಿ ಅಳೆದ ಮಾದರಿಗೆ ಮಾನಕವನ್ನೂ ಹಾಳೆ ಹಾಕಿಯೇ ಅಳೆಯಬೇಕು. ಸಿಪ್ಪೆಯಲ್ಲಿ ನಾರು ಇರುವ ಕಡೆ ದಪ್ಪ, ಇಲ್ಲದ ಕಡೆ ತೆಳು ಆಗಿರುವುದರಿಂದ ನಾರಿನ ಮೇಲೆ ತಾಮ್ರದ ಎಣಿಕೆ ಹೆಚ್ಚು ಕಂಡ ಮಾತ್ರಕ್ಕೆ ಅಲ್ಲಿ ತಾಮ್ರದ ಸಾಂದ್ರತೆ ಹೆಚ್ಚೆಂದು ಹೇಳುವಂತಿಲ್ಲ. ಇಲ್ಲಿ 10.29ರ ಕಾಂಪ್ಟನ್ ಶಿಖರವೇ ನೆರವಿಗೆ ಬರುತ್ತದೆ: ಕಿರಣದ ದಾರಿಯಲ್ಲಿ ಎಷ್ಟು ಅಂಗಾಂಶವಿತ್ತು ಎಂಬುದನ್ನು ಅದು ಹೇಳುವುದರಿಂದ, ಅಯಾನ್ ಚೇಂಬರಿನ ಲೆಕ್ಕದ ಜೊತೆಗೆ ಪ್ರತಿ ಬಿಂದುವಿನ ತಾಮ್ರವನ್ನು ಅದರಿಂದಲೂ ಭಾಗಿಸಿ ನೋಡಿ. ಕ್ಯಾಪ್ಟನ್ ಹಾಳೆಯಿಂದ ಬರುವ ಪಾಲನ್ನು ಮಾತ್ರ ಮೊದಲು ಕಳೆದಿರಬೇಕು; ಖಾಲಿ ಹಾಳೆಯನ್ನು ಅಳೆದಿಟ್ಟುಕೊಳ್ಳಿ ಎಂದದ್ದು ಈ ಲೆಕ್ಕಕ್ಕೂ ಬೇಕಾಗುತ್ತದೆ.